ಮತ್ತು ಮತ್ತು

ಕೊಂಬಣ್ಣ ಅನ್ನುವುದು ಅವನ ಹೆಸರಲ್ಲ, ಪ್ರೆಸ್ಸಿನವರು ಬೆನ್ನ ಹಿಂದೆ ಇಟ್ಟದ್ದು. ಅದಕ್ಕೆ ಕಾರಣ ಎರಡು. ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿದ್ದರೆ ಅದನ್ನು ಅವನಷ್ಟು ಬೇಗ ಹಿಡಿಯುವವರು ಆ ಪ್ರೆಸ್ಸಿನಲ್ಲಿ ಇನ್ನೊಬ್ಬರಿರಲಿಲ್ಲ. ಹಾಗೆ ಹಿಡಿದೂ ಹಿಡಿದೂ ಅವನ ತಲೆಗೇ ಎರಡು ಕೊಂಬು ಬಂದಿದ್ದವು. ಎದುರಿಗೆ ಎಲ್ಲರೂ ‘ಪ್ರೂಫ್ ಸಾರ್’ ಎಂದೇ ಕರೆಯುತ್ತಿದ್ದರು. ಹಿಂದೆ ಏನನ್ನುತ್ತಾರೆ ಎಂಬುದು ಅವನಿಗೂ ಗೊತ್ತಿತ್ತು. ಅದನ್ನು ಬಿರುದು ಎಂದುಕೊಂಡು ಓಡಾಡುತ್ತಿದ್ದ.

ಆ ಪ್ರೆಸ್ಸಿನಲ್ಲಿ ಕಥೆ, ಕಾದಂಬರಿ ಅಂತ ಏನೂ ಅಚ್ಚಾಗುತ್ತಿರಲಿಲ್ಲ. ಔಷಧಿಯ ಡಬ್ಬಿ, ಬಾಟಲಿಗೆ ಅಂಟಿಸುವ ಲೇಬಲ್ಲು, ಡಬ್ಬಿಯೊಳಗೆ ಮಡಿಸಿ ಮಡಿಸಿ ತುರುಕುವ ಚೀಟಿ, ಅಷ್ಟೇ. ಆ ಚೀಟಿಯನ್ನು ಯಾರೂ ಓದುವುದಿಲ್ಲ. ಬಿಡಿಸಿದವರು ಮತ್ತೆ ಮಡಿಸಲಾಗದೆ ಬೈದು ಎಸೆಯುತ್ತಾರೆ. ಮೊದಲಿನಿಂದ ಕೊನೆಯವರೆಗೆ ಓದುವವನು ಜಗತ್ತಿನಲ್ಲಿ ಕೊಂಬಣ್ಣ ಒಬ್ಬನೇ, ಅದೂ ಸಂಬಳಕ್ಕೆ. ಆದರೂ ಅವನ ಲೆಕ್ಕದಲ್ಲಿ ರೋಗಿಗಳನ್ನು ಉಳಿಸುತ್ತಿದ್ದುದು ವೈದ್ಯರಲ್ಲ, ತಾನು. ‘ರಾತ್ರಿ ಒಳ್ಳೆಯ ನಿಂದೆ ಬರುತ್ತದೆ’ ಎಂದು ಅಚ್ಚಾಗಲಿದ್ದುದನ್ನು ‘ನಿದ್ದೆ’ ಮಾಡಿದವನು ಅವನು. ಕೆಮ್ಮಿನ ಔಷಧಿಯ ಚೀಟಿಯಲ್ಲಿ ‘ಕೆಲವರಿಗೆ ಮುತ್ತು ಬರಬಹುದು’ ಎಂದಿದ್ದಾಗ, ಮಕಾರದ ಕೊಂಬನ್ನು ಕಿತ್ತು, ‘ಮತ್ತು ಬರಬಹುದು’, ಅಂದರೆ ಮಂಪರು ಬರಬಹುದು, ಎಂದು ಸರಿಪಡಿಸಿದವನೂ ಅವನೇ. “ಬಿಟ್ಟಿದ್ರೆ ಆ ಔಷಧಿ ಇನ್ನೂ ಚೆನ್ನಾಗಿ ಖರ್ಚಾಗ್ತಿತ್ತಲ್ರೀ,” ಎಂದು ಪ್ರೆಸ್ಸಿನ ಯಜಮಾನರು ನಕ್ಕರು. ಕೊಂಬಣ್ಣ ನಗಲಿಲ್ಲ. ತಪ್ಪು ನಗುವ ವಿಷಯ ಎಂದು ಅವನಿಗೆ ಆಗಿನ್ನೂ ತಿಳಿದಿರಲಿಲ್ಲ.

ಪ್ರೆಸ್ಸಿನಲ್ಲಿ ಮಾತ್ರ ಹೀಗಿದ್ದರೆ ಲೋಕ ತಡೆದುಕೊಳ್ಳುತ್ತಿತ್ತೇನೋ. ಅವನು ಬೀದಿಯಲ್ಲೂ ಮೊಸರಲ್ಲಿ ಕಲ್ಲು ಹುಡುಕುವವನೇ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡಕ್ಕೆ ನೊರೆ ಇಟ್ಟುಕೊಂಡು ಗೋಡೆಯ ದರಪಟ್ಟಿ ತಿದ್ದಿಸಿದ್ದ. ಸಾವಿನ ಮನೆಯೊಂದರ ಮುಂದೆ ನಿಂತು ‘ಶ್ರದ್ಧಾಂಜಲಿ’ಗೆ ಧಕಾರದ ಒತ್ತು ಬರಬೇಕೆಂದು ಹೇಳಿ, ಅಳುತ್ತಿದ್ದವರ ಅಳು ನಿಲ್ಲಿಸಿದ್ದ. ಊರಿನ ಬಸ್ ಡಿಪೋಗಂತೂ ಫೋನು ಮಾಡುವುದು ಅವನಿಗೆ ಚಹಾ ಕುಡಿದಷ್ಟೇ ಅಭ್ಯಾಸವಾಗಿತ್ತು. “‘ನಿಲ್ದಾಣ’ಕ್ಕೆ ಮಹಾಪ್ರಾಣ ಯಾಕೆ? ನಿಮ್ಮ ಬಸ್ಸಿಗೆ ಮೊದಲೇ ಉಸಿರಿಲ್ಲ,” ಎಂದು ಒಮ್ಮೆ ಅಂದಿದ್ದ. ಈ ಜೋಕನ್ನು ಅವನು ಆಮೇಲೆ ಎಷ್ಟು ಜನರಿಗೆ ಹೇಳಿದನೆಂದರೆ, ಕೇಳಿದವರು ದೂರದಿಂದಲೇ ಅವನನ್ನು ಕಂಡು ರಸ್ತೆ ದಾಟುತ್ತಿದ್ದರು.

ಇನ್ನು ತಪ್ಪು ಅವನದೇ ಆದಾಗ? ಹಾಗೆ ಆಗುತ್ತಲೇ ಇರಲಿಲ್ಲ. ಬರೆದವನಿಗೆ ಭಾಷೆ ಬರುತ್ತಿರಲಿಲ್ಲ, ಅಕ್ಷರ ಜೋಡಿಸುವಾಕೆಗೆ ಗಮನ ಇರುತ್ತಿರಲಿಲ್ಲ, ಮೆಶಿನ್ನಿಗೆ ಮಸಿ ಹೆಚ್ಚಾಗಿರುತ್ತಿತ್ತು. ಒಮ್ಮೆ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿದ್ದಕ್ಕೂ ಡಬ್ಬಿಯ ಮೇಲೆ ಹೆಸರು ಬರೆಯದೆ ಇದ್ದದ್ದೇ ಕಾರಣವೆಂದು ಸಾಧಿಸಿದ್ದ.

ಸಾಧಿಸಿದ್ದು ಅಕ್ಕನ ಮುಂದೆ. ಅಕ್ಕ ಅವನಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ತಾಯಿ ಹೋದಾಗಿನಿಂದ ಅವನನ್ನು ಸಾಕಿದವಳು ಅವಳೇ. ಅವನ ಕೂದಲು ನೆರೆತರೂ ಅವಳ ಬಾಯಲ್ಲಿ ಅವನು ‘ಪುಟ್ಟ’ನೇ. ಇಬ್ಬರೂ ಮದುವೆಯಾಗಲಿಲ್ಲ. ಅವಳಿಗೆ ತಮ್ಮನನ್ನು ಓದಿಸುವುದರಲ್ಲಿ ವಯಸ್ಸು ಕಳೆಯಿತು. ಅವನಿಗೆ ಬಂದ ಸಂಬಂಧದವರ ಕಾಗದಗಳಲ್ಲೆಲ್ಲ ಕಾಗುಣಿತ ಸರಿಯಿರಲಿಲ್ಲ. ಅಕ್ಕ ಊರಿನ ಬಸ್ಸು ಓಡಿಸುತ್ತಿದ್ದಳು. ಡಿಪೋದಿಂದ ಹೊರಟು ಆಸ್ಪತ್ರೆ, ಮಾರ್ಕೆಟ್ಟು, ಅವರ ಮನೆಯ ಬೀದಿಯ ಬಾಯಿ, ಅಲ್ಲಿಂದ ಇಳಿಜಾರು ಇಳಿದು ಶಾಲೆ, ಸೇತುವೆ, ಮತ್ತೆ ಡಿಪೋ. ಸುತ್ತಿನ ಬಸ್ಸು, ಕಂಡಕ್ಟರ್ ಇಲ್ಲ, ಹತ್ತಿದವರು ಬಾಗಿಲ ಬಳಿಯ ಪೆಟ್ಟಿಗೆಗೆ ಚಿಲ್ಲರೆ ಹಾಕಬೇಕು. ನಿಲ್ದಾಣದ ಕಂಬಕ್ಕೆ ಸರಿಯಾಗಿ ಬಾಗಿಲು ಬರುವ ಹಾಗೆ ನಿಲ್ಲಿಸುವುದು ಅವಳ ಹೆಮ್ಮೆ. ತಮ್ಮ ಅಕ್ಷರಕ್ಕೆ, ಅಕ್ಕ ಅಂಗುಲಕ್ಕೆ ಎಂದು ಬೀದಿಯವರು ನಗುತ್ತಿದ್ದರು. ವ್ಯತ್ಯಾಸ ಇಷ್ಟೇ, ಅಂಗುಲ ತಪ್ಪಿದರೆ ಅಕ್ಕ “ತಪ್ಪಾಯ್ತು, ಸ್ವಲ್ಪ ಮುಂದೆ ಬಂದೆ” ಎಂದು ಕಿಟಕಿಯಿಂದ ತಲೆ ಹಾಕಿ ಹೇಳುತ್ತಿದ್ದಳು.

ಆ ಚೀಟಿ ತಿದ್ದಲು ಬಂದದ್ದು ಒಂದು ಮಧ್ಯಾಹ್ನ ಊಟದ ಹೊತ್ತಿಗೆ. ಹೊಸ ನಿದ್ದೆಯ ಔಷಧಿ. ಮೊದಲ ಭಾಗ ‘ಗುಣ’. ಇದೊಂದು ಬಣ್ಣವಿಲ್ಲದ ದ್ರವ, ಕರ್ಪೂರದಂಥ ವಾಸನೆ, ನೀರಿನಲ್ಲಿ ಸ್ವಲ್ಪ ಕರಗುತ್ತದೆ, ರಾಸಾಯನಿಕವಾಗಿ ಮದ್ಯಸಾರದ ಕುಟುಂಬಕ್ಕೆ ಸೇರಿದೆ. ಅಂದರೆ ಹೆಂಡದ ದಾಯಾದಿ, ಆದರೆ ಸಭ್ಯ ಮನೆತನದ್ದು ಎಂದುಕೊಂಡ ಕೊಂಬಣ್ಣ. ಎರಡನೆಯದು ‘ಉಪಯೋಗ’. ಸ್ವಲ್ಪ ಕುಡಿದರೆ ಗಾಬರಿ, ಎದೆಬಡಿತ ತಗ್ಗಿ ಮನಸ್ಸು ಶಾಂತವಾಗುತ್ತದೆ, ಇನ್ನೂ ಸ್ವಲ್ಪ ಕುಡಿದರೆ ನಿದ್ದೆ ಬರುತ್ತದೆ. ಮೂರನೆಯದು ‘ಪರಿಣಾಮ’. ಮದ್ಯದ ಜೊತೆ ಬೆರೆಸಬಾರದು, ದಾಯಾದಿಗಳು ಒಂದೇ ಹೊಟ್ಟೆಯಲ್ಲಿ ಸೇರಿದರೆ ಉಸಿರಿಗೇ ಸಂಚಕಾರ. ಬಹಳ ದಿನ ಸೇವಿಸಿದರೆ ಚಟವಾಗುತ್ತದೆ. ನಾಲಗೆ ತೊದಲಬಹುದು, ಒಂದು ಎರಡಾಗಿ ಕಾಣಬಹುದು.

ಎಲ್ಲ ಸರಿ, ‘ಗುಣ’ದಲ್ಲಿ ಒಂದು ಪದ ಅವನನ್ನು ಕಾಡಿತು. ‘ನಾಲಗೆಗೆ ಚುರುಕು’ ಎಂದಿತ್ತು. ಚುರುಕೋ? ಉರಿಯೋ? ಖಾರವೋ? ಚೀಟಿ ಡಬ್ಬಿಯೊಳಗೆ ಕೂರುತ್ತದೋ ಇಲ್ಲವೋ ನೋಡಲೆಂದು ಕಂಪನಿಯವರು ತುಂಬಿದ ಬಾಟಲಿಯೊಂದನ್ನು ಕಳಿಸಿದ್ದರು, ಅದು ಅವನ ಮೇಜಿನ ಮೇಲೇ ಇತ್ತು. ಅಡುಗೆಯವನು ಉಪ್ಪು ನೋಡುವುದಿಲ್ಲವೇ ಎಂದುಕೊಂಡ. ಭಾಷೆಯ ಸೇವೆಗಾಗಿ ಒಂದು ಮುಚ್ಚಳ ಕುಡಿದ. ಉರಿಯಿತು. ಖಾತ್ರಿಯಾಗಲೆಂದು ಇನ್ನೊಂದು ಮುಚ್ಚಳ ಕುಡಿದ. ಅದೂ ಉರಿಯಿತು. ‘ಚುರುಕು’ ಹೊಡೆದುಹಾಕಿ ‘ಉರಿ’ ಎಂದು ಕೆಂಪು ಮಸಿಯಲ್ಲಿ ಬರೆದು, ತನ್ನಂಥ ನಿಷ್ಠೆಯ ಮನುಷ್ಯ ಇನ್ನೊಬ್ಬನಿಲ್ಲ ಎಂದು ತನಗೆ ತಾನೇ ಶಭಾಷ್ ಹೇಳಿಕೊಂಡ.

ಸ್ವಲ್ಪ ಹೊತ್ತಿಗೆ ಲೋಕ ಬಹಳ ಒಳ್ಳೆಯದಾಗಿ ಕಂಡಿತು. ಅಕ್ಷರ ಜೋಡಿಸುವಾಕೆಯ ಮೇಲೂ ಪ್ರೀತಿ ಬಂತು. ಮೇಜಿನ ಅಂಚು ಮೆತ್ತಗಿತ್ತು. ಆ ಸ್ಥಿತಿಯಲ್ಲಿ ಅವನು ಕೊನೆಯ ಸಾಲಿಗೆ ಬಂದ.

‘ಬೆಳಗ್ಗೆ ಎದ್ದಾಗ ತಲೆಭಾರ ಮತ್ತು ಮತ್ತು ಇಲ್ಲದಿದ್ದರೆ ಮಾತ್ರ ವಾಹನ ಚಲಾಯಿಸಬಹುದು.’

ಮತ್ತು ಮತ್ತು! ಕೊಂಬಣ್ಣ ಕಣ್ಣುಜ್ಜಿಕೊಂಡ. ಒಂದು ಎರಡಾಗಿ ಕಾಣಬಹುದು ಎಂದು ಈಗಷ್ಟೇ ಓದಿದ್ದು ನೆನಪಾಯಿತು. ಬೆರಳಿಟ್ಟು ಎಣಿಸಿದ. ಬೆರಳೇ ಎರಡಿತ್ತು. ಒಂದು ಕಣ್ಣು ಮುಚ್ಚಿ ನೋಡಿದರೂ ಎರಡು ‘ಮತ್ತು’ ಅಲ್ಲೇ ಇದ್ದವು. ಹಾಗಾದರೆ ಇದು ಔಷಧಿಯ ಕೆಲಸವಲ್ಲ, ಜೋಡಿಸಿದಾಕೆಯ ಅಜಾಗರೂಕತೆ. ಅಮಲಿನಲ್ಲೂ ಹೇಗೆ ಹಿಡಿದೆ ನೋಡು ಎಂಬ ಸಂತೋಷದಲ್ಲಿ ಒಂದನ್ನು ಹೊಡೆದ. ಆಮೇಲೆ ಸಾಲನ್ನು ಮತ್ತೆ ಓದಿದ. ‘ತಲೆಭಾರ ಮತ್ತು ಇಲ್ಲದಿದ್ದರೆ.’ ಉಳಿದ ‘ಮತ್ತು’ವಿಗೆ ಆಚೆ ದಡವಿಲ್ಲ. ಎರಡನ್ನು ಸೇರಿಸಬೇಕಾದ ಪದ ಒಂದರ ಪಕ್ಕದಲ್ಲಿ ಸುಮ್ಮನೆ ನಿಂತು ಏನು ಮಾಡುತ್ತದೆ? ಅದನ್ನೂ ಹೊಡೆದ. ಈಗ ವಾಕ್ಯ ತೊಳೆದ ಲೋಟದ ಹಾಗೆ ಸ್ವಚ್ಛವಾಗಿತ್ತು. ‘ಬೆಳಗ್ಗೆ ಎದ್ದಾಗ ತಲೆಭಾರ ಇಲ್ಲದಿದ್ದರೆ ಮಾತ್ರ ವಾಹನ ಚಲಾಯಿಸಬಹುದು.’

ಜೋಡಿಸುವಾಕೆ ಕಾಗದ ತೆಗೆದುಕೊಂಡು ಹೋದಳು. ಅವನೊಂದಿಗೆ ವಾದಕ್ಕೆ ಹೋದರೆ ಅರ್ಧ ದಿನದ ವ್ಯಾಕರಣ ಕೇಳಬೇಕೆಂದು ಅವಳು ಕಲಿತು ಬಹಳ ಕಾಲವಾಗಿತ್ತು. ಕೊಂಬಣ್ಣ ಮೇಜಿಗೆ ಕೆನ್ನೆಯಿಟ್ಟು ಗೊರಕೆ ಹೊಡೆದ. ಎದ್ದ ಮೇಲೆ, ಹೆಚ್ಚು ದುಡಿದದ್ದರಿಂದ ಆಯಾಸವಾಯಿತು ಎಂದು ಎಲ್ಲರಿಗೂ ಹೇಳಿದ.

ಕೆಲವು ತಿಂಗಳು ಕಳೆದವು. ಡಿಪೋದವರು ಅಕ್ಕನನ್ನು ಬೆಳಗಿನ ಮೊದಲ ಪಾಳಿಗೆ ಹಾಕಿದರು. ಅವಳ ನಿದ್ದೆ ಎಕ್ಕುಟ್ಟಿಹೋಯಿತು. ಮಲಗಬೇಕಾದ ಹೊತ್ತಿಗೆ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದಳು. ಮುಖ ಬಾಡಿತು, ಮಾತು ಕಡಿಮೆಯಾಯಿತು. ಕೊನೆಗೆ ಡಾಕ್ಟರ ಹತ್ತಿರ ಹೋದಳು. ಅವರು ಒಂದು ಔಷಧಿ ಬರೆದುಕೊಟ್ಟು, “ಒಳಗೆ ಚೀಟಿ ಇರುತ್ತೆ, ಓದ್ಕೊಂಡು ತಗೊಳ್ಳಿ” ಎಂದರು. ಅವಳು ಡಬ್ಬಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟಾಗ ಕೊಂಬಣ್ಣನ ಮುಖ ಅರಳಿತು.

“ಅಕ್ಕಾ, ಇದರ ಚೀಟಿ ತಿದ್ದಿದ್ದು ನಾನೇ!”

“ಹೌದಾ? ನಾನು ಈ ಚೀಟಿಗಳನ್ನ ಯಾವತ್ತೂ ಓದಿಲ್ಲ ಕಣೋ.”

“ಇದನ್ನ ಓದು. ಅಕ್ಷರ ಅಕ್ಷರ ಓದು. ಡಾಕ್ಟರು ಅವಸರದಲ್ಲಿ ಏನಾದ್ರೂ ಹೇಳ್ಬಹುದು, ನನ್ನ ಕೈ ದಾಟಿ ಬಂದ ಚೀಟೀಲಿ ಒಂದು ಚುಕ್ಕೆ ಆಚೀಚೆ ಇರಲ್ಲ. ಕಣ್ಮುಚ್ಕೊಂಡು ನಂಬು.”

ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು. ತಮ್ಮನ ಕೆಲಸವನ್ನು ಓದುವುದು ಅವಳಿಗೆ ಅದೇ ಮೊದಲು. ಓದಿ ಮುಗಿಸಿ, “ಎಷ್ಟು ಸಲೀಸಾಗಿದೆ, ಎಲ್ಲೂ ತಡೆಯಲ್ಲ” ಎಂದಳು. ಆ ಮಾತಿಗೆ ಅವನ ಕಣ್ಣು ಹನಿಗೂಡಿತು. ಅಷ್ಟು ವರ್ಷ ದುಡಿದದ್ದಕ್ಕೆ ಅವನಿಗೆ ಸಿಕ್ಕ ಬಹುಮಾನ ಅದೊಂದೇ. ಅದು ಸಿಕ್ಕಿದ್ದು ಅವನು ಮಾಡಿದ ಅತಿ ದೊಡ್ಡ ತಪ್ಪಿಗೆ ಎಂದು ಈಗ ನೆನೆಸಿಕೊಂಡರೆ ಅವನಿಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಅವಳು ಚೀಟಿಯಲ್ಲಿದ್ದಷ್ಟೇ ಕುಡಿದು ಬೇಗ ಮಲಗಿದಳು.

ಬೆಳಗ್ಗೆ ಅಕ್ಕ ಹೊರಟಾಗ ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಅವಳ ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿ ಕೂತಿದ್ದವು.

“ಗುಂಡಿ ತಪ್ಪಿದೆ ಅಕ್ಕ.”

“ಓ,” ಎಂದು ಅವಳು ನಿಧಾನವಾಗಿ ಬಿಚ್ಚಿ ಹಾಕಿಕೊಂಡಳು. ಈ ಸಲವೂ ತಪ್ಪಿತು. ಅವನೇ ಎದ್ದು ಸರಿಮಾಡಿದ. ಸರಿಮಾಡಿ ಖುಷಿಪಟ್ಟ.

“ನಿದ್ದೆ ಬಂತಾ?”

“ಎಷ್ಟು ದಿನ ಆಗಿತ್ತೋ ಪುಟ್ಟ. ತಲೆಭಾರ ಅಂತೂ ಚೂರೂ ಇಲ್ಲ, ಹತ್ತಿ ಥರ ಹಗುರ. ಒಂಥರಾ ಮತ್ತು, ಅಷ್ಟೇ.” ನಗುತ್ತ ಬಾಗಿಲು ದಾಟಿದಳು. ದಾಟುವಾಗ ಬಾಗಿಲ ಚೌಕಟ್ಟಿಗೆ ಭುಜ ತಾಗಿತು. ಅದಕ್ಕೂ ‘ಕ್ಷಮಿಸಿ’ ಎಂದಳು.

ಬಿಸಿಲೇರುವ ಹೊತ್ತಿಗೆ ಸ್ನಾನ, ಪೇಪರು ಮುಗಿಸಿ ಕೊಂಬಣ್ಣ ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡ. ಅಕ್ಕ ಹೊಗಳಿದ ಚೀಟಿ ಮೇಜಿನ ಮೇಲೆ ಬಿದ್ದಿತ್ತು. ಹೊಗಳಿಸಿಕೊಂಡದ್ದನ್ನು ಇನ್ನೊಮ್ಮೆ ಓದುವ ಸುಖ ಬರೆದವನಿಗಿಂತ ತಿದ್ದಿದವನಿಗೆ ಹೆಚ್ಚು. ಗುಣ ಓದಿದ, ಉಪಯೋಗ ಓದಿದ, ಪರಿಣಾಮ ಓದಿದ. ಕೊನೆಯ ಸಾಲು ಬಂತು. ‘ತಲೆಭಾರ ಇಲ್ಲದಿದ್ದರೆ ಮಾತ್ರ.’ ಹೌದು, ಇಲ್ಲೇ ಅಲ್ಲವೇ ಎರಡು ‘ಮತ್ತು’ ಹೊಡೆದದ್ದು? ಎಂಥ ಕಣ್ಣು ನನ್ನದು ಎಂದುಕೊಳ್ಳುವಷ್ಟರಲ್ಲಿ ಅಕ್ಕನ ದನಿ ಕಿವಿಯೊಳಗೆ ಇನ್ನೊಮ್ಮೆ ಕೇಳಿತು. ಒಂಥರಾ ಮತ್ತು, ಅಷ್ಟೇ.

ಮತ್ತು.

ಒಂದು ‘ಮತ್ತು’ ಸೇರಿಸುವ ಮತ್ತು. ಇನ್ನೊಂದು ಮಲಗಿಸುವ ಮತ್ತು. ತಪ್ಪಿರಲಿಲ್ಲ, ಎರಡೂ ಬೇಕಿತ್ತು. ಬಸ್ಸು ಓಡಿಸಬೇಡಿ ಎಂದು ಹೇಳುವ ಪದವನ್ನೇ ಅವನು ಮತ್ತಿನಲ್ಲಿ ಹೊಡೆದುಹಾಕಿದ್ದ. ಅಕ್ಕ ಈಗ ಆ ಚೀಟಿಯನ್ನು ನಂಬಿ, ಊರಿನ ಅರ್ಧ ಜನರನ್ನು ಹಿಂದೆ ಕೂರಿಸಿಕೊಂಡು, ಇಳಿಜಾರಿನ ಕಡೆ ಬರುತ್ತಿದ್ದಳು. ಇಳಿಜಾರಿನ ಬುಡದಲ್ಲಿ ಶಾಲೆ.

ಫೋನು ಮಾಡಿದ. ಅಕ್ಕನ ಫೋನು ಮನೆಯಲ್ಲೇ, ಸಕ್ಕರೆ ಡಬ್ಬಿಯ ಒಳಗಿಂದ ಹೊಡೆದುಕೊಂಡಿತು. ಡಿಪೋಗೆ ಮಾಡಿದ.

“ಹಲೋ, ನಾನು…”

“ಗೊತ್ತಾಯ್ತು ಬಿಡಿ ಸಾರ್,” ಎಂದ ಡಿಪೋ ಗುಮಾಸ್ತ. “ಇವತ್ತು ಯಾವ ಬೋರ್ಡು?”

“ಬೋರ್ಡಲ್ಲ! ಒಂದು ‘ಮತ್ತು’ ಬಿಟ್ಟುಹೋಗಿದೆ! ಬಹಳ ಅಪಾಯ!”

“ನಿಮಗೆ ಅನುಸ್ವಾರ ಬಿಟ್ಟುಹೋದ್ರೂ ಅಪಾಯನೇ ಅಲ್ವಾ ಸಾರ್. ಬರ್ಕೊಂಡೆ. ಸಾಹೇಬ್ರಿಗೆ ಹೇಳ್ತೀನಿ.” ಫೋನು ಇಟ್ಟ.

ಮತ್ತೆ ಮಾಡಿದ. ಈ ಸಲ ಯಾರೂ ಎತ್ತಲಿಲ್ಲ. ತೋಳ ಬಂತು ತೋಳ ಎಂದು ಕೂಗಿದವನ ಕಥೆ ಅವನಿಗೆ ಗೊತ್ತಿತ್ತು. ಆದರೆ ಅವನು ಕೂಗುತ್ತಿದ್ದುದು ತೋಳಕ್ಕೆ ‘ಳ’ ಬರಬೇಕು, ‘ಲ’ ಅಲ್ಲ ಎಂದು. ಅಂಥವನ ಕೂಗಿಗೆ ಯಾರು ಓಡಿಬರುತ್ತಾರೆ?

ಚೀಟಿ ಕೈಯಲ್ಲಿ ಹಿಡಿದು, ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಬೀದಿಗೆ ಓಡಿದ. ಒಂದು ಚಪ್ಪಲಿ ದಾರಿಯಲ್ಲಿ ಉಳಿಯಿತು. ನಿಲ್ದಾಣದ ಕಂಬ ಹಿಡಿದು ಏದುಸಿರು ಬಿಡುವಾಗ ತಿರುವಿನಲ್ಲಿ ಬಸ್ಸು ಕಾಣಿಸಿತು. ಯಾವತ್ತೂ ಕಂಬಕ್ಕೆ ಬಾಗಿಲು ಹೊಂದಿಸುವ ಬಸ್ಸು ಇವತ್ತು ಕಂಬ ದಾಟಿ, ಹಣ್ಣಿನ ಗಾಡಿ ದಾಟಿ, ನೆನಪಾದವರ ಹಾಗೆ ಗಕ್ಕನೆ ನಿಂತಿತು. ಕಿಟಕಿಯಿಂದ ಯಾರೂ ತಪ್ಪಾಯ್ತು ಎನ್ನಲಿಲ್ಲ. ಕೊಂಬಣ್ಣನಿಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಓಡಿಹೋಗಿ ಮುಂದಿನ ಬಾಗಿಲಿಂದ ಹತ್ತಿದ.

ಅಕ್ಕ ಸ್ಟೇರಿಂಗಿನ ಹಿಂದೆ ನೆಟ್ಟಗೆ ಕೂತಿದ್ದಳು. ಕಣ್ಣು ತೆರೆದೇ ಇತ್ತು. ರೆಪ್ಪೆ ಮಾತ್ರ ಒಂದೊಂದು ಸಲ ಇಳಿದರೆ ಮೇಲೇಳಲು ಹೊತ್ತು ಹಿಡಿಯುತ್ತಿತ್ತು.

“ಪೆಟ್ಟಿಗೆಗೆ ಚಿಲ್ಲರೆ ಹಾಕು ಪುಟ್ಟ,” ಎಂದಳು. ಬಸ್ಸು ಹೊರಟಿತು.

“ಅಕ್ಕಾ, ಪಕ್ಕಕ್ಕೆ ನಿಲ್ಸು. ಔಷಧಿ ಇನ್ನೂ ಇಳಿದಿಲ್ಲ ನಿಂಗೆ. ನೀನು ಓಡಿಸ್ಬಾರ್ದು.”

“ಓಡಿಸ್ಬಹುದು. ತಲೆಭಾರ ಇಲ್ವಲ್ಲ.” ನಾಲಗೆ ಸ್ವಲ್ಪ ಎಳೆಯುತ್ತಿತ್ತು. “ಚೀಟೀಲೇ ಇದೆ.”

“ಚೀಟೀಲಿ ತಪ್ಪಿದೆ!”

“ಇರಲ್ಲ. ನೀನು ತಿದ್ದಿದ್ದು.”

ಜೀವನಪೂರ್ತಿ ಯಾವ ಮಾತನ್ನು ಜನರ ಬಾಯಿಂದ ಕೇಳಬೇಕೆಂದು ಹಂಬಲಿಸಿದ್ದನೋ, ಅದು ಈಗ ಅವನ ಕುತ್ತಿಗೆಗೇ ಬಂದು ಬಿತ್ತು. ಮುಂದೆ ರಸ್ತೆ ಬಾಗಿ ಇಳಿಜಾರಿಗೆ ಇಳಿಯುವುದು ಕಾಣುತ್ತಿತ್ತು.

“ಇದೆ ಅಕ್ಕ, ನೋಡು, ಇಲ್ಲಿ ಎರಡು ‘ಮತ್ತು’ ಇತ್ತು…”

“ಯಾರ್ ತಪ್ಪು?” ಎಂದು ಅಕ್ಕ ಆಕಳಿಸಿದಳು.

ಇಲ್ಲಿ ಕೊಂಬಣ್ಣ ಏನು ಹೇಳಬೇಕಿತ್ತು ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೆ ಅಭ್ಯಾಸಬಲ ಎಂಬುದೊಂದಿದೆ. ಅವನ ಬಾಯಿ ಅವನನ್ನು ಕೇಳದೆ ಹೊರಟಿತು.

“ಅದು ಬರೆದೋನಿಗೇ ಭಾಷೆ ಬರಲ್ಲ ಅಕ್ಕ. ಒಂದು ಕಡೆ ‘ಮಂಪರು’ ಅಂತ ಹಾಕಿದ್ರೆ ಆಗ್ತಿತ್ತು. ಮತ್ತು ಮತ್ತು ಅಂತ ಪಕ್ಕಪಕ್ಕ ಯಾರಾದ್ರೂ ಹಾಕ್ತಾರಾ? ಜೋಡಿಸಿದೋಳಾದ್ರೂ ಕೇಳ್ಬೇಕು ತಾನೆ…”

“ಸರಿ, ಅವರು ತಪ್ಪು ಮಾಡಿದ್ರು. ನೀನು ಸರಿ ಮಾಡಿರ್ತೀಯ,” ಎಂದು ಅಕ್ಕ ತೀರ್ಮಾನ ಕೊಟ್ಟು ಗೇರು ಬದಲಿಸಿದಳು.

ಹಿಂದಿನ ಸೀಟಿನಿಂದ ತರಕಾರಿ ಬುಟ್ಟಿಯ ಹೆಂಗಸು ಎದ್ದುನಿಂತಳು. “ಏನ್ರೀ ಅದು ಮತ್ತು ಮತ್ತು ಅಂತ? ಬೆಳಗ್ಗೆ ಬೆಳಗ್ಗೆನೇ ಹಾಕ್ಕೊಂಡು ಬಂದಿದೀರಾ? ಕಾಲಲ್ಲಿ ಒಂದೇ ಚಪ್ಪಲಿ ಬೇರೆ! ಆ ಯಮ್ಮನ ಪಾಡಿಗೆ ಆ ಯಮ್ಮ ಓಡಿಸ್ಲಿ ಬಿಡಿ.”

“ಕುಡಿದಿರೋದು ನಾನಲ್ಲ, ಅವಳು!” ಎಂದ ಕೊಂಬಣ್ಣ. ಬಸ್ಸಿನವರೆಲ್ಲ ಅವನ ಅಕ್ಕನನ್ನೊಮ್ಮೆ, ಅವನ ಕಾಲನ್ನೊಮ್ಮೆ ನೋಡಿ, ಯಾರನ್ನು ನಂಬಬೇಕೆಂದು ಸುಲಭವಾಗಿ ತೀರ್ಮಾನಿಸಿದರು. ಒಬ್ಬ ಮುದುಕ ತನ್ನ ಕೋಲನ್ನು ಅವನ ಕಡೆ ತಿರುಗಿಸಿಯೂಬಿಟ್ಟ.

ಅಷ್ಟರಲ್ಲಿ ಮುಂದಿನ ಚಕ್ರ ಫುಟ್‌ಪಾತಿಗೆ ಹತ್ತಿ ಇಳಿಯಿತು. ಬಸ್ಸು ಕುಲುಕಿತು. ಬುಟ್ಟಿಯಿಂದ ಈರುಳ್ಳಿಗಳು ಉರುಳಿದವು. ಅಕ್ಕ ತಲೆ ಕೊಡವಿ ಸ್ಟೇರಿಂಗು ಎಳೆದುಕೊಂಡಳು. ಅವಳ ರೆಪ್ಪೆ ಮತ್ತೆ ಇಳಿಯತೊಡಗಿದ್ದನ್ನು ಕೊಂಬಣ್ಣ ನೋಡಿದ. ಗಾಜಿನಾಚೆ ಇಳಿಜಾರು, ಅದರ ಬುಡದಲ್ಲಿ ಬಣ್ಣಬಣ್ಣದ ಬ್ಯಾಗುಗಳು ಗೇಟಿನ ಒಳಗೆ ಹೋಗುತ್ತಿದ್ದವು. ಅಕ್ಕ ಹೋಗುತ್ತಾಳೆ, ಮಕ್ಕಳನ್ನು ಕರೆದುಕೊಂಡು ಹೋಗುತ್ತಾಳೆ, ನನ್ನ ಕೆಂಪು ಗೆರೆಯಿಂದ ಹೋಗುತ್ತಾಳೆ ಎಂದು ಅವನಿಗೆ ಅನ್ನಿಸಿತು. ಕರ್ತೃ ಕರ್ಮ ಕ್ರಿಯಾಪದ ಯಾವುದರ ಗೊಡವೆಯೂ ಇಲ್ಲದೆ ಕಿರುಚಿದ.

“ಅಕ್ಕಾ! ತಪ್ಪು ನಂದು! ನಾನು ತಪ್ಪು ಮಾಡ್ದೆ!”

ಬ್ರೇಕು ಬಿತ್ತು. ಎಲ್ಲರೂ ಒಮ್ಮೆ ಮುಂದಕ್ಕೆ ಮುಗ್ಗರಿಸಿ ಹಿಂದಕ್ಕೆ ಕೂತರು. ಇಳಿಜಾರು ಶುರುವಾಗುವ ಅಂಚಿನಲ್ಲಿ ಬಸ್ಸು ನಿಂತಿತ್ತು. ಅಕ್ಕ ಹ್ಯಾಂಡ್‌ಬ್ರೇಕು ಎಳೆದು, ಎಂಜಿನ್ನು ಆರಿಸಿ, ತಿರುಗಿ ತಮ್ಮನ ಮುಖ ನೋಡಿದಳು. ಆ ಮಾತು ಅವನ ಬಾಯಿಂದ ಅವಳು ಒಮ್ಮೆಯೂ ಕೇಳಿರಲಿಲ್ಲ. ಅವನು ಹಾಗೆ ಹೇಳಬೇಕಾದರೆ ಏನೋ ಘೋರವಾದದ್ದೇ ಆಗಿರಬೇಕೆಂದು ಮತ್ತಿನಲ್ಲೂ ಅವಳಿಗೆ ಹೊಳೆದಿತ್ತು.

ಅವನು ಹೇಳಿದ. ಎರಡು ಮುಚ್ಚಳ ಕುಡಿದದ್ದು, ಬೆರಳು ಎರಡಾಗಿ ಕಂಡದ್ದು, ಎರಡೂ ‘ಮತ್ತು’ ಹೊಡೆದದ್ದು, ಗೊರಕೆ ಹೊಡೆದದ್ದು, ಎದ್ದ ಮೇಲೆ ಸುಳ್ಳು ಹೇಳಿದ್ದು. ಬಸ್ಸಿನವರೆಲ್ಲ ಕೇಳಿಸಿಕೊಂಡರು. ತರಕಾರಿಯ ಹೆಂಗಸು ಈರುಳ್ಳಿ ಆರಿಸುವುದನ್ನು ಬಿಟ್ಟು, “ಅಯ್ಯೋ, ಓದಿದೋರ ಕುಡಿತಾನೂ ಹಿಂಗೇ ಸುತ್ತಿ ಬಳಸಿ ಇರುತ್ತಾ?” ಎಂದಳು. ಮುದುಕ ಕೋಲು ಕೆಳಗಿಟ್ಟ.

ಅಕ್ಕ ಎದ್ದು ನಿಂತು ಎಲ್ಲರಿಗೂ ಹೇಳಿದಳು. “ನನ್ನಿಂದ ಓಡ್ಸೋಕಾಗಲ್ಲ. ದಯವಿಟ್ಟು ಇಳ್ಕೊಳ್ಳಿ. ಬೇರೆ ಬಸ್ಸು ಬರುತ್ತೆ.” ಆಮೇಲೆ ತಮ್ಮನ ಫೋನು ತೆಗೆದುಕೊಂಡು ಡಿಪೋಗೆ ಮಾಡಿದಳು. ಆ ಕಡೆಯಿಂದ, “ಸಾರ್, ‘ಮತ್ತು’ ಬರ್ಕೊಂಡಿದೀನಿ ಅಂದ್ನಲ್ಲ” ಎಂದು ಕೇಳಿಬಂತು. ಅವಳ ದನಿ ಕೇಳಿದ ಮೇಲೆ ಗುಮಾಸ್ತ ನೆಟ್ಟಗಾದ. ಅವಳು ಮುಚ್ಚಿಡದೆ ಎಲ್ಲ ಹೇಳಿದಳು, ಔಷಧಿ ಕುಡಿದದ್ದನ್ನೂ, ಫುಟ್‌ಪಾತು ಹತ್ತಿಸಿದ್ದನ್ನೂ. ಇನ್ನೊಬ್ಬ ಚಾಲಕನನ್ನು ಕಳಿಸುತ್ತೇವೆ, ನೀವು ಡಾಕ್ಟರನ್ನು ಕಂಡು ಬಂದು ಮೇಲಿನವರಿಗೆ ಹೇಳಬೇಕಾಗುತ್ತದೆ ಎಂದರಂತೆ. “ಹೇಳ್ತೀನಿ” ಎಂದಳು. ಅವಳಿಗೆ ಹೇಳುವುದು ಕಷ್ಟವೇ ಇರಲಿಲ್ಲ.

ಕೊಂಬಣ್ಣನೂ ಫೋನು ಮಾಡಿದ, ಪ್ರೆಸ್ಸಿನ ಯಜಮಾನರಿಗೆ. ಆ ಔಷಧಿಯ ಡಬ್ಬಿ ಒಂದೂ ಅಂಗಡಿಯಲ್ಲಿ ಉಳಿಯಬಾರದು, ಈಗಲೇ ಕಂಪನಿಗೆ ತಿಳಿಸಿ, ಚೀಟಿಯಲ್ಲಿ ದೊಡ್ಡ ತಪ್ಪಿದೆ, ಮಾಡಿದವನು ನಾನು ಎಂದ.

“ಯಾರ್ರೀ ಮಾತಾಡ್ತಿರೋದು?” ಎಂದರು ಯಜಮಾನರು.

“ನಾನೇ ಸಾರ್. ಕೊಂಬಣ್ಣ.”

ಬೈಗುಳ ಬಂತು. ಬರಬೇಕಾದದ್ದೇ ಬಂತು. ಅವನು ನಡುವೆ ಒಂದು ಪದವನ್ನೂ ತಿದ್ದದೆ ಪೂರ್ತಿ ಕೇಳಿಸಿಕೊಂಡ. ಸಂಜೆ ಬಂದು ನನ್ನನ್ನು ಕಾಣು ಎಂದರು, ಕೆಲಸ ಉಳಿಯಿತೋ ಹೋಯಿತೋ ಹೇಳಲಿಲ್ಲ. ಮೊದಲು ಆ ಡಬ್ಬಿಗಳನ್ನು ಹಿಡಿಯುತ್ತೇನೆ ಎಂದು ಫೋನಿಟ್ಟರು.

ಖಾಲಿ ಬಸ್ಸಿನಲ್ಲಿ ಅಕ್ಕ ಮೊದಲ ಸೀಟಿಗೆ ಬಂದು ಅವನ ಪಕ್ಕ ಕೂತಳು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಕೆಳಗೆ ಶಾಲೆಯ ಗಂಟೆ ಹೊಡೆಯಿತು. ಅವನು ಚೀಟಿಯನ್ನು ತೊಡೆಯ ಮೇಲೆ ಹರವಿಕೊಂಡು, ಜೇಬಿನ ಕೆಂಪು ಪೆನ್ನು ತೆಗೆದು, ‘ತಲೆಭಾರ’ದ ಮುಂದೆ ಬಿಟ್ಟ ಪದ ಸೇರಿಸುವ ಗುರುತಾದ ಹಂಸಪಾದ ಹಾಕಿ, ಹೊಡೆದ ಪದಗಳನ್ನು ಮತ್ತೆ ಬರೆಯಲು ನೋಡಿದ. ಅಕ್ಷರ ಸೊಟ್ಟಗಾಯಿತು. ಅಕ್ಕನನ್ನು ಕಳೆದುಕೊಳ್ಳುತ್ತಿದ್ದೆ ಎಂಬುದು ಈಗ ನಿಧಾನವಾಗಿ ಒಳಗಿಳಿಯುತ್ತಿತ್ತು.

ಅಕ್ಕ ಅವನ ಭುಜಕ್ಕೆ ತಲೆ ಇಟ್ಟಳು. ಅವನು ಚಿಕ್ಕವನಿದ್ದಾಗ ಬಸ್ಸಿನಲ್ಲಿ ಅವಳ ಭುಜಕ್ಕೆ ಹೀಗೇ ಒರಗುತ್ತಿದ್ದ.

“ಪುಟ್ಟ, ಆಗ ಏನಂದೆ ನೀನು?”

“ಯಾವಾಗ?”

“ಬ್ರೇಕು ಹಾಕಿದ್ನಲ್ಲ, ಆಗ.”

“ತಪ್ಪು ನಂದು ಅಂದೆ.”

“ಇನ್ನೊಂದ್ಸಲ ಹೇಳು.”

“ತಪ್ಪು ನಂದು ಅಕ್ಕ.” ಆಮೇಲೆ ಹಳೆಯ ಚಾಳಿಗೆ ಹೋದ. “ಎರಡು ಸಲ ಬಂತು ನೋಡು. ಒಂದನ್ನ ಹೊಡೆದುಹಾಕ್ಲಾ?”

ಅಕ್ಕನ ಕಣ್ಣು ಆಗಲೇ ಮುಚ್ಚಿತ್ತು. ನಿದ್ದೆ ಅವಳ ಮಾತನ್ನು ಅರ್ಧ ಎಳೆದುಕೊಂಡಿತ್ತು.

“ಬೇಡ,” ಎಂದಳು. “ಎರಡೂ ಇರ್ಲಿ.”